ಹತ್ತಕ್ಕೆ ಮೂರು

ಹಳೆಯ ಕ್ಯಾಸೆಟ್ಟಿಗೆ ಒಂದು ವಾಸನೆ ಇದೆ. ನಿಮ್ಮ ಟ್ರಂಕಿನ ತಳದಲ್ಲೂ ಒಂದೆರಡು ಉಳಿದಿದ್ದರೆ ಗೊತ್ತಿರುತ್ತದೆ. ಪ್ಲಾಸ್ಟಿಕ್ಕು, ಧೂಳು, ಡಾಂಬರು ಗುಳಿಗೆ ಮೂರೂ ಕೂಡಿದ ವಾಸನೆ. ಮೊನ್ನೆ ಅಕ್ಕನ ಮಗಳು ಫೋನು ಮಾಡಿದ ಮೇಲೆ ನಾನು ಆ ಟ್ರಂಕು ತೆಗೆದೆ.

"ಮಾಮಾ, ನಮ್ಮ ಹುಡುಗಿ ಲಗ್ನದಾಗ ನೀಲವ್ವಜ್ಜಿ ಆರತಿ ಪದ ಹಾಡಿಸಬೇಕಂತ ಅವ್ವ ಹಟ ಹಿಡದಾಳ. ಯಾರಿಗೂ ಬರವಲ್ದು. ಹಾಡಿನ ವಿಷಯ ನಿಮ್ಮನ್ನ ಬಿಟ್ಟು ಯಾರನ್ನ ಕೇಳೂಣ್ರಿ?"

ಹಾಡಿನ ವಿಷಯದಲ್ಲಿ ನನಗೆ ಈ ಹೆಸರು ಬಂದದ್ದು ಒಂದು ನೋಟ್‌ಬುಕ್ಕಿನಿಂದ. ಅದೂ ಟ್ರಂಕಿನಲ್ಲೇ ಇತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮುಂಬೈಯಿಂದ ಬಂದ ಟೇಪ್ ರಿಕಾರ್ಡರ್ ನಮ್ಮ ಬೆಟಗೇರಿ ಮನೆಯಲ್ಲಿತ್ತು. ಗದಗಿನ ಸ್ಟೇಷನ್ ರಸ್ತೆಯ ಕ್ಯಾಸೆಟ್ ಅಂಗಡಿಯಲ್ಲಿ ನಾನಿದ್ದೆ. ಕೇಳಿದವರಿಗೂ ಕೇಳದವರಿಗೂ ಅಭಿಪ್ರಾಯ ಹೇಳುವುದು ನನ್ನ ಕೆಲಸ. ಡಿಸ್ಕೋ ಆಲ್ಬಮ್, ಮೊದಲ ಬದಿ ಎಂಟು, ಎರಡನೇ ಬದಿಯಲ್ಲಿ ಗಿಟಾರು ಸಾಲದು. ಲಕ್ಷ್ಮೇಶ್ವರದ ಟೆಂಟಿನಲ್ಲಿ ನೋಡಿದ ಫೈಟಿಂಗ್ ಸಿನಿಮಾ ಆರು. ನಡುವೆ ರೀಲು ಹರಿದದ್ದಕ್ಕೆ ಒಂದು ಕಡಿತ. ಹೀಗೆ ಎಲ್ಲಕ್ಕೂ ಹತ್ತಕ್ಕೆ ಇಷ್ಟು ಎಂದು ನೋಟ್‌ಬುಕ್ಕಿನಲ್ಲಿ ಅಂಕ. ಇಂಗ್ಲಿಷು ಹಾಡುಗಳಿಗೆ ಯಾವಾಗಲೂ ಹೆಚ್ಚು. ಇಂಗ್ಲಿಷಿನಲ್ಲಿ ನಾನೇ ಎರಡನೇ ಸಲ ಕೂತು ಪಾಸಾಗಿದ್ದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಕೇಳಲಿಲ್ಲ.

ಅದೇ ನೋಟ್‌ಬುಕ್ಕಿನಲ್ಲಿ ಈ ಸಾಲೂ ಇದೆ: "ನೀಲವ್ವತ್ತಿ, ಆರತಿ ಪದ, ಮುಂಡರಗಿ ಲಗ್ನ. ಧಾಟಿ ಒಂದೇ. ಉದ್ದ ಬಹಳ. ಹತ್ತಕ್ಕೆ ಮೂರು."

ನೀಲವ್ವತ್ತಿ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು. ಮದುವೆಯಲ್ಲಿ ಅವಳು ಆರತಿ ತಟ್ಟೆ ಮುಟ್ಟುವಂತಿರಲಿಲ್ಲ, ಹಂದರದೊಳಗೆ ಬರುವಂತಿರಲಿಲ್ಲ. ಆದರೆ ಪದ ಮಾತ್ರ ಅವಳದು. ಅಡುಗೆಮನೆಯ ಬಾಗಿಲ ಹಿಂದೆ ಕೂತು ಒಂದೊಂದೇ ಸಾಲು ಎತ್ತಿ ಕೊಡುವಳು. ಮುಂದೆ ನಿಂತ ಮುತ್ತೈದೆಯರು ಅದನ್ನೇ ಹಾಡುತ್ತ ಆರತಿ ಬೆಳಗುವರು. ಇಡೀ ಲಗ್ನದಲ್ಲಿ ಅವಳ ಪಾಲಿಗೆ ಇದ್ದದ್ದು ಅಷ್ಟೇ. ಇದನ್ನು ಈಗ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದೇನೆ ನೋಡಿ. ಆಗ ನನ್ನ ತಲೆಯಲ್ಲಿ ಗಿಟಾರು ಬಿಟ್ಟು ಏನೂ ಇರಲಿಲ್ಲ.

ಅಕ್ಕನ ಮದುವೆ ನಮ್ಮ ಮನೆಯ ಮುಂದೆಯೇ ನಡೆಯಿತು. ಮೈಕ್ ಸೆಟ್ಟಿನ ಯಜಮಾನಿಕೆ ನನ್ನದು. ಗಂಡಿನ ಕಡೆಯಿಂದ ಹುಬ್ಬಳ್ಳಿಯ ಕಾಲೇಜು ಹುಡುಗರು ಬಂದಿದ್ದರು. ಬೆಲ್‌ಬಾಟಮ್ ಪ್ಯಾಂಟು, ಕಿವಿ ಮುಚ್ಚುವ ಕೂದಲು. ಅವರ ಎದುರು ನಮ್ಮ ಅತ್ತೆಯ ಒಂದೇ ಧಾಟಿಯ ಪದ ಶುರುವಾದರೆ ನನ್ನ ಮಾನ ಏನಾಗಬೇಕು? ಮದುಮಕ್ಕಳನ್ನು ಆರತಿಗೆ ಕೂಡ್ರಿಸುತ್ತಿದ್ದಂತೆ ಡಿಸ್ಕೋ ಕ್ಯಾಸೆಟ್ ಹಾಕಿದೆ. ನಾನು ಕೂತ ಜಾಗ ಅಡುಗೆಮನೆಯ ಕಿಟಕಿಯ ಪಕ್ಕ. ಅತ್ತೆ ಮೊದಲ ಸಾಲು ಎತ್ತಿದ್ದು ನನಗೆ ಕೇಳಿಸಿತು. ಕೇಳಿಸಿದ್ದಕ್ಕೇ ದನಿ ಹೆಚ್ಚು ಮಾಡಿದೆ.

ಮುಂದಿದ್ದ ಹೆಂಗಸರು ಅಡುಗೆಮನೆಯ ಕಡೆ ಎರಡು ಸಲ ತಿರುಗಿ ನೋಡಿದರು. ಆಮೇಲೆ ಬಾಯಿ ಮುಚ್ಚಿಕೊಂಡೇ ಆರತಿ ಬೆಳಗಿದರು. ಹುಬ್ಬಳ್ಳಿ ಹುಡುಗರು ಕಾಲಲ್ಲಿ ತಾಳ ಹಾಕಿದರು. ನಾನು ಬೀಗಿದೆ.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ವಾರದ ಮೇಲೆ ಅಕ್ಕಿ ಆರಿಸುತ್ತ, "ಅವತ್ತ ಹಾಕಿದ್ದಿಯಲ್ಲ, ಅದನ್ನ ಹಚ್ಚೋ, ನೋಡೂಣು" ಎಂದಳು. ಹಚ್ಚಿದೆ. ಮೊರ ಬದಿಗಿಟ್ಟು ಕೊನೆಯವರೆಗೂ ಕೇಳಿದಳು.

"ಮಾತು ತಿಳೀಲಿಲ್ಲಪಾ. ಆದ್ರ ಅವ ಯಾರನ್ನೋ ಕರಿಯಾಕ ಹತ್ಯಾನ. ಅವರು ಬರವಲ್ರು. ಪಾಪ."

ಆ ಹಾಡನ್ನು ನೂರು ಸಲ ಕೇಳಿದ್ದ ನನಗೆ ಅದು ಹೊಳೆದಿರಲಿಲ್ಲ. ಅವಳು ಅಂಕ ಕೊಡಲಿಲ್ಲ. ಮುಂದಿನ ಮದುವೆಗಳಲ್ಲಿ ಯಾರಾದರೂ ಪದ ಹಾಡು ಎಂದರೆ, "ಈಗ ಟೇಪ್ ಐತಲ್ಲ, ನಾ ಯಾಕವ್ವಾ" ಎನ್ನುತ್ತಿದ್ದಳು. ಸಾಯುವವರೆಗೂ ಹಾಡಲಿಲ್ಲ. ಒಂದು ಸಲವಾದರೂ ನಾನೇ ಹೋಗಿ ಹಾಡು ಅತ್ತಿ ಎನ್ನಬಹುದಿತ್ತು. ನಾಚಿಕೆಗೆ ಅನ್ನಲಿಲ್ಲ. ಈಗ ಆ ನಾಚಿಕೆಗೂ ನಾಚಿಕೆಯಾಗುತ್ತದೆ.

ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ತಿರುವಿದೆ. ಪದದ ಒಂದಕ್ಷರವೂ ಇಲ್ಲ, ಅಂಕ ಮಾತ್ರ ಇದೆ. ಆ ಡಿಸ್ಕೋ ಆಲ್ಬಮ್ಮಿನ ಹಾಡುಗಳನ್ನು ಮಾತ್ರ ಇವತ್ತಿಗೂ ಸಾಲಾಗಿ ಹೇಳಬಲ್ಲೆ.

ಅಕ್ಕನಿಗೇ ಫೋನು ಮಾಡಿದೆ. "ಅಕ್ಕಾ, ನಿನ್ನ ಲಗ್ನದಾಗ ಅತ್ತಿ ಪದ ಎತ್ತಿದ್ದಳು. ನಾ ಕೇಳಿದ್ದೆ. ಬೇಕಂತನ ದನಿ ಏರಿಸಿದೆ."

"ನನಗೂ ಕೇಳಿಸಿತ್ತೋ. ಆ ಒಂದ ಸಾಲು ನೆಪ್ಪೈತಿ. ಮುಂದಿಂದು ನಿನಗರ ಗೊತ್ತಿರತೈತಿ ಅಂತ ಮಗಳ ಕಡಿಂದ ಕೇಳಿಸಿದ್ದೆ."

ಆ ಸಾಲನ್ನು ಅಕ್ಕ ಫೋನಿನಲ್ಲೇ ಹಾಡಿದಳು. ದನಿ ಒಡೆದಿತ್ತು, ಧಾಟಿ ಅತ್ತೆಯದೇ. ಹಾಡಿ, ಎರಡನೇ ಸಾಲಿಗೆ ಕಾದಳು.

ನನ್ನ ಹತ್ತಿರ ಅದು ಇರಲಿಲ್ಲ. "ಇನ್ನೊಮ್ಮೆ ಅನ್ನು ಅಕ್ಕಾ, ಬರಕೋತೀನಿ" ಎಂದೆ.