ತಲೆ ಕುಣಿಯದ ನಡಿಗೆ

ಕೊಟ್ಟೂರಿನಲ್ಲಿ ಕಂಪ್ಯೂಟರಿನೊಳಗೆ ಗೊಂಬೆ ನಡೆಸುವುದನ್ನು ಕಲಿಸಿದ ಮೊದಲಿಗ ನಾನು. ಈ ಮಾತನ್ನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅಲ್ಲವೆನ್ನುವವರು ಇದ್ದರೆ ಬರಲಿ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಆರು ತಿಂಗಳು ಅನಿಮೇಷನ್ ಕಲಿತು, ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಅದಕ್ಕಿಂತ ದಪ್ಪನೆಯ ಜಂಬವನ್ನೂ ಹೊತ್ತುಕೊಂಡು ಊರಿಗೆ ಬಂದಿದ್ದೆ. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಐದು ಕಂಪ್ಯೂಟರ್ ಇಟ್ಟು ತರಗತಿ ಶುರುಮಾಡಿದೆ. ಕರೆಂಟು ಇದ್ದಾಗ ಕಂಪ್ಯೂಟರಿನಲ್ಲಿ ಪಾಠ, ಹೋದಾಗ ಕಪ್ಪು ಹಲಗೆಯ ಮೇಲೆ ಪಾಠ. ಕೂಡ್ಲಿಗಿ, ಉಜ್ಜಿನಿ ಕಡೆಯಿಂದಲೂ ಬಸ್ಸು ಹತ್ತಿ ಬರುತ್ತಿದ್ದರು.

ನನ್ನದು ಒಂದೇ ಕಾಯಿದೆ. ಸಿನಿಮಾ ಹೀರೋ ಬೇಡ, ದೇವರು ಬೇಡ, ಟಿವಿಯಲ್ಲಿ ಕಂಡದ್ದು ಯಾವುದೂ ಬೇಡ. ನಿಮ್ಮದೇ ತಲೆಯಲ್ಲಿ ಹುಟ್ಟಿದ ಒಂದು ಪಾತ್ರವನ್ನು ಬರೆಯಿರಿ, ಅದನ್ನು ನಡೆಸಿ, ಸಾಕು. ಮೊದಲ ವಾರ ಎಲ್ಲರೂ ಪೆನ್ಸಿಲು ಕಚ್ಚುತ್ತ ಕೂತರು. ಎರಡನೇ ವಾರ ಒಬ್ಬ ಮಂಡಕ್ಕಿ ಚೀಲಕ್ಕೆ ಕಾಲು ಬರೆದುಕೊಂಡು ಬಂದ. ಹರಪನಹಳ್ಳಿಯವನೊಬ್ಬ ಕನ್ನಡಕ ಹಾಕಿದ ಎಮ್ಮೆ ಮಾಡಿದ. ಅದರ ಮುಖದಲ್ಲಿ ನನ್ನ ಹೋಲಿಕೆ ಇತ್ತೆಂದು ತರಗತಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಆ ವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು ತರಗತಿ ತೆರೆಯುವುದಿತ್ತು. ಅಲ್ಲಿ ಪಾಠ ಹೇಳುವವರು ಬೇಕಿತ್ತು. ಯಾರ ಪಾತ್ರ ಚೆನ್ನಾಗಿ ನಡೆಯುತ್ತದೋ ಅವರಿಗೇ ಆ ಕೆಲಸ ಎಂದು ಸಾರಿಬಿಟ್ಟೆ. ಎಲ್ಲರಿಗಿಂತ ಹೆಚ್ಚಾಗಿ ಅದು ಬೇಕಾಗಿದ್ದದ್ದು ಮಧ್ಯಾಹ್ನದ ಬ್ಯಾಚಿನ ಒಬ್ಬ ಹುಡುಗಿಗೆ. ಪಿಯುಸಿ ಮುಗಿಸಿದ್ದಳು. ಅವಳ ಅವ್ವ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲುಗಳಿಗೆ ನೀರು ಹೊರುವಾಕೆ. ಒಂದರ ಮೇಲೊಂದು ಎರಡು ಕೊಡ, ದಿನಕ್ಕೆ ಎಷ್ಟು ಸಲವೋ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಆ ಮನೆಯಲ್ಲಿ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. "ಸರ್, ಈ ಕೆಲ್ಸ ನಂಗ ಬೇಕ್ರಿ" ಎಂದು ಅವಳು ನೇರವಾಗಿ ಹೇಳಿದ್ದಳು. ಆ ನೇರ ಮಾತು ನನಗೆ ಹಿಡಿಸಿತ್ತು.

ಅವಳು ಬರೆದದ್ದು ಎರಡು ಕೊಡ ಹೊತ್ತ ಹೆಂಗಸನ್ನು. ಗಿಡ್ಡ ಮೈ, ಅಗಲ ಪಾದ, ಮೇಲಕ್ಕೆ ಎತ್ತಿ ಸಿಕ್ಕಿಸಿದ ಸೀರೆ, ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಸಿಂಬಿಯ ಮೇಲೆ ಕೊಡಗಳು. ನೋಡಿದರೆ ನಗು ಬರಬೇಕು, ಎದುರಿಗೆ ಬಂದರೆ ಮಾತ್ರ ದಾರಿ ಬಿಡಬೇಕು, ಅಂಥ ಪಾತ್ರ. ಕೆಲಸ ಇವಳದೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನಡೆಸಿದಾಗ ಎಡವಟ್ಟಾಯಿತು. ಕಾಲು ನಡೆಯುತ್ತಿದ್ದವು, ತಲೆ ಮಾತ್ರ ಮೊಳೆ ಹೊಡೆದಂತೆ ಒಂದೇ ಮಟ್ಟದಲ್ಲಿ ನಿಂತಿತ್ತು. ನಮ್ಮ ವಿದ್ಯೆಯಲ್ಲಿ ಇದು ಅಆಇಈ ತಪ್ಪು. ಮನುಷ್ಯ ಹೆಜ್ಜೆ ಚಾಚಿದಾಗ ತಲೆ ಇಳಿಯುತ್ತದೆ, ಎರಡು ಕಾಲೂ ಕೂಡಿದಾಗ ಏಳುತ್ತದೆ. ಆ ಏರಿಳಿತ ಇಲ್ಲದಿದ್ದರೆ ಪಾತ್ರ ನಡೆಯುವುದಿಲ್ಲ, ಜಾರುತ್ತದೆ. ನಡಿಗೆಯ ಪಾಠ ಶುರುವಾದಾಗಿನಿಂದ ಮೂರು ವಾರ ಗಂಟಲು ಹರಿದುಕೊಂಡು ಇದನ್ನೇ ಹೇಳಿದ್ದೆ.

"ತಲಿ ಯಾಕ ಕುಣಿಸಿಲ್ಲ?" ಎಂದೆ.

"ಕುಣಿಯಂಗಿಲ್ರಿ ಸರ್."

"ಕುಣಿಬೇಕವ್ವ. ಪುಸ್ತಕದಾಗ ಐತಿ."

"ಪುಸ್ತಕದಾಗಿನವನ ತಲಿಮ್ಯಾಲ ಕೊಡ ಇಲ್ರಿ."

ಹುಡುಗರು ಕಿಸಕ್ಕೆಂದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮೌಸ್ ಕಸಿದುಕೊಂಡು ನಾನೇ ತಿದ್ದತೊಡಗಿದೆ. ತಲೆ ಏರಿಸಿದೆ, ಇಳಿಸಿದೆ, ಪುಸ್ತಕದಲ್ಲಿ ಇದ್ದ ಹಾಗೆಯೇ ಕುಣಿಸಿದೆ. ಅವಳು ಕೈಕಟ್ಟಿಕೊಂಡು ನೋಡಿದಳು.

"ಹಿಂಗ ನಡದ್ರ ಹೋಟೆಲ್ ಮುಟ್ಟೋದ್ರಾಗ ಅರ್ಧ ಕೊಡ ನೀರೂ ಇರಂಗಿಲ್ರಿ" ಎಂದಳು.

ಮಂಡಕ್ಕಿ ಚೀಲದವನು ಬಿದ್ದು ಬಿದ್ದು ನಕ್ಕ. ನನಗೆ ತಡೆಯಲಾಗಲಿಲ್ಲ. "ಶನಿವಾರದೊಳಗ ತಿದ್ಕಂಡು ಬಂದ್ರ ಕೆಲ್ಸ ನಿಂದು. ಇಲ್ಲಂದ್ರ ಎಮ್ಮಿ ಮಾಡಿದಾವಗ ಕೊಡ್ತೀನಿ" ಎಂದುಬಿಟ್ಟೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ನಾನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಮ್ಮೆಯವನು ಆ ಸಂಜೆಯೇ ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ರೂಮು ವಿಚಾರಿಸಿದನಂತೆ.

ಇದರಲ್ಲಿ ನಾಚಿಕೆಯ ಸಂಗತಿ ಏನೆಂದರೆ, ಆ ಹುಡುಗಿಯ ಅವ್ವ ದಿನವೂ ನನ್ನ ಕಿಟಕಿಯ ಕೆಳಗೇ ನೀರು ಹೊತ್ತು ಹೋಗುತ್ತಿದ್ದರು. ಎದ್ದು ಒಂದು ಸಲ ಇಣುಕಿದ್ದರೆ ಆಗಿಹೋಗುತ್ತಿತ್ತು. ನಾನು ಪುಸ್ತಕ ನೋಡುತ್ತ ಕೂತಿದ್ದೆ.

ಶನಿವಾರ ಹುಡುಗಿ ಬಂದಳು. ಕಂಪ್ಯೂಟರಿನಲ್ಲಿ ತಲೆ ಹೇಗಿತ್ತೋ ಹಾಗೇ ಇತ್ತು, ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಅವಳ ಅವ್ವ. ತಲೆಯ ಮೇಲೆ ತುಂಬಿದ ಎರಡು ಕೊಡ. ಬಾಗಿಲಲ್ಲಿ ಮೊಣಕಾಲು ಮಡಿಸಿ ತಗ್ಗಿ, ಮೇಲಿನ ಕೊಡ ಚೌಕಟ್ಟಿಗೆ ತಾಗದಂತೆ ಒಳಗೆ ಬಂದರು.

"ತಲಿ ಕುಣೀತೈತಿ ಅಂದ್ರಂತಲ್ರಿ ಸಾರು. ನೋಡ್ರಿ" ಎಂದರು.

ಸರಿ, ನೋಡೇಬಿಡೋಣ ಎಂದು ಸೀಮೆಸುಣ್ಣ ತೆಗೆದುಕೊಂಡೆ. ಅವರನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿ, ಸಿಂಬಿಯ ಮಟ್ಟಕ್ಕೆ ಈ ತುದಿಯಿಂದ ಆ ತುದಿಯವರೆಗೆ ಗೆರೆ ಎಳೆದೆ. ಸುಳ್ಳು ಯಾಕೆ ಹೇಳಲಿ, ಸಿಂಬಿ ಗೆರೆ ತಪ್ಪಲಿ ಎಂದೇ ನನ್ನ ಆಸೆ. ಅವರು ನಡೆದರು. ಸಿಂಬಿ ಗೆರೆಯ ಮೇಲೇ ಹೋಯಿತು, ಗೆರೆಯ ಮೇಲೇ ವಾಪಸ್ಸು ಬಂತು. ನೆಲದ ಮೇಲೆ ಒಂದು ಹನಿ ನೀರು ಬೀಳಲಿಲ್ಲ. ಎಮ್ಮೆಯವನೂ ಬಗ್ಗಿ ನೆಲ ನೋಡಿದ.

"ಇದು ಹೆಂಗ್ರಿ ಅವ್ವಾರ?" ಎಂದು ಕೇಳಿದೆ.

"ಮೊಣಕಾಲಾಗ ನುಂಗಬೇಕ್ರಿ. ಕಾಲಿನ ಸುದ್ದಿ ಕುತ್ತಿಗಿಗೆ ಗೊತ್ತಾಗಬಾರ್ದು."

ಆಮೇಲೆ ಹುಡುಗಿಯ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಪ್ರತಿ ಚಿತ್ರದಲ್ಲೂ ಮೊಣಕಾಲು ಎಷ್ಟು ಬೇಕೋ ಅಷ್ಟೇ ಮಡಿದಿತ್ತು. ನಾನು ತಲೆಯನ್ನೇ ನೋಡುತ್ತ ಬೈದಿದ್ದೆನೇ ಹೊರತು ಕೆಳಕ್ಕೆ ಕಣ್ಣು ಹಾಯಿಸಿಯೇ ಇರಲಿಲ್ಲ. "ನಂದು ತಪ್ಪಾತು. ಅಕಿ ಮಾಡಿದ್ದ ಖರೆ" ಎಂದು ಇಡೀ ತರಗತಿಗೆ ಕೇಳುವಂತೆ ಹೇಳಿದೆ. ನನ್ನ ಸ್ವಭಾವವೇ ಹಾಗೆ, ತಪ್ಪನ್ನೂ ದೊಡ್ಡ ದನಿಯಲ್ಲೇ ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಂಡ ಮೇಲೆ ಎದೆ ಹಗುರಾಯಿತು, ಖುಷಿಯೂ ಆಯಿತು. ಕಲಿಸುವವನಿಗೆ ಇಂಥ ಶಿಷ್ಯೆ ಸಿಗಬೇಕಾದರೆ ಪುಣ್ಯ ಬೇಕು.

ಅಷ್ಟರಲ್ಲಿ ಹುಡುಗಿ ಯಾರೂ ಹೇಳದೆಯೇ ಹೋಗಿ ಅವ್ವನ ತಲೆಯಿಂದ ಮೇಲಿನ ಕೊಡ ಇಳಿಸಿಕೊಂಡಳು. ಕೆಳಗಿನದನ್ನು ಅವ್ವನೇ ಇಳಿಸಿದರು. ಬಂದದ್ದು ವ್ಯರ್ಥವಾಗಬಾರದೆಂದು ಎರಡನ್ನೂ ನಮ್ಮ ಕುಡಿಯುವ ನೀರಿನ ಡ್ರಮ್ಮಿಗೆ ಸುರಿದು, ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಹೆಂಗಸಿನ ಮುಂದೆ ಬಂದು ನಿಂತರು.

"ಇಕಿ ಎಲ್ಲಿಗಿ ಹೊಂಟಾಳ?"

"ಎಲ್ಲಿಗೂ ಇಲ್ರಿ. ಎಂಟೇ ಚಿತ್ರ, ಮತ್ತ ಮತ್ತ ಬರ್ತಾವ. ಬಂದ್ ಮಾಡೋತನಕ ನಡಕಂತ ಇರ್ತಾಳ" ಎಂದು ಹೆಮ್ಮೆಯಿಂದ ಹೇಳಿದೆ.

"ಅಯ್ಯ ಪಾಪ, ಅಷ್ಟೊತ್ತು ಹೊರಸ್ತೀರೇನ್ರಿ? ಇಳಸಾಕ ಯಾರರ ಬರಬೇಕಲ್ಲ."

ಎಲ್ಲರೂ ನಕ್ಕರು, ಹುಡುಗಿ ಮಾತ್ರ ನಗಲಿಲ್ಲ. ನಾನು ಅಲ್ಲೇ ಘೋಷಣೆ ಮಾಡಿದೆ. ಒಂದನೇ ತಾರೀಖಿನಿಂದ ಹಗರಿಬೊಮ್ಮನಹಳ್ಳಿಯಲ್ಲಿ ಇವಳೇ ಮೇಡಂ, ಅಲ್ಲಿ ನಡಿಗೆಯ ಪಾಠ ಇವಳದೇ. ಹುಡುಗರು ಚಪ್ಪಾಳೆ ತಟ್ಟಿದರು. ಎಮ್ಮೆಯವನೂ ತಟ್ಟಿದ.

"ಮುಂಜಾನಿ ಬಸ್ಸು ಎಷ್ಟಕ್ಕ್ರಿ ಸರ್?" ಎಂದು ಹುಡುಗಿ ಕೇಳಿದಳು.

"ಏಳೂವರಿಗಿ."

ಅವಳ ಮುಖ ಇಳಿದುಹೋಯಿತು. ಹೋಟೆಲುಗಳಿಗೆ ನೀರು ಹೋಗುವುದು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ. ಅಷ್ಟು ಹೊತ್ತೂ ಹಿಂಬಾಗಿಲುಗಳಲ್ಲಿ ನಿಂತು ಅವ್ವನ ತಲೆಯಿಂದ ಮೇಲಿನ ಕೊಡ ಇಳಿಸುವವಳು ಇವಳೇ, ಅದಕ್ಕೇ ಮಧ್ಯಾಹ್ನದ ಬ್ಯಾಚಿಗೆ ಸೇರಿದ್ದಳು. ಇದೆಲ್ಲ ನನಗೆ ಆಗಷ್ಟೇ ತಿಳಿಯಿತು. ಮೂರು ತಿಂಗಳು ಪಾಠ ಹೇಳಿದ್ದೆ, ಒಂದು ದಿನವೂ ಕೇಳಿರಲಿಲ್ಲ.

"ಕೊಡ ಯಾರು ಇಳಸ್ತಾರ?" ಎಂದಳು. ಕೇಳಿದ್ದು ನನ್ನನ್ನಲ್ಲ, ಅವ್ವನನ್ನು.

ಅವ್ವ ಸಿಂಬಿಯನ್ನು ಬಿಚ್ಚಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡರು. ಖಾಲಿ ಕೊಡಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಬಾಗಿಲಿನ ತನಕ ಹೋಗಿ ತಿರುಗಿ ನೋಡಿದರು.

"ನೀ ಹುಟ್ಟೋಕಿಂತ ಮುಂಚೆ ಯಾರಲೇ ಇಳಸ್ತಿದ್ರು ನಂಗ?" ಎಂದರು. "ಹೋಗು, ಬಸ್ಸು ಹತ್ತು."