ಎಡದ್ದು ಬಲಕ್ಕೆ ಬಂದ ಬ್ರಾಕೆಟ್

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಓದುವವರು ದಯವಿಟ್ಟು ಕ್ಷಮಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ಆದರೂ ನನ್ನ ಅಕ್ಕನ ಬಗ್ಗೆ ಬರೆಯುವ ಆಸೆ. ಅವಳು ಫೋನಿನಲ್ಲಿ ಹೇಳಿದ್ದನ್ನೇ ಬರೆದಿದ್ದೇನೆ. ಅನುಮಾನ ಬಂದ ಕಡೆ ಮತ್ತೆ ಅವಳನ್ನೇ ಕೇಳಿ ತಿದ್ದಿದ್ದೇನೆ.

ಅಕ್ಕ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವವಳು. ಅಪ್ಪ ಲಾರಿ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅಕ್ಕನ ಕಾಲೇಜಿನಿಂದ ಒಬ್ಬರನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಸ್ಪ್ಯಾನಿಷ್ ಮಾತಾಡುವ ದೇಶಕ್ಕೆ ಕಳಿಸುತ್ತಾರೆ ಎಂದಾಗ, ಆ ಭಾಷೆ ಕಲಿಯುವ ತಾಳ್ಮೆ ಬೇರೆ ಯಾರಿಗೂ ಇರಲಿಲ್ಲ. ಅಕ್ಕನಿಗಿತ್ತು. ಅಮ್ಮನ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿದ್ದರೆ ಇವಳು ಪಕ್ಕದಲ್ಲಿ ಕೂತು ಕ್ರಿಯಾಪದಗಳನ್ನು ಗಟ್ಟಿ ಮಾಡುತ್ತಿದ್ದಳು. ಅಜ್ಜಿ ಅದನ್ನು ಕೇಳಿ, "ಇವಳು ಯಾರಿಗೋ ಶಾಪ ಹಾಕ್ತಿದಾಳೆ" ಎನ್ನುತ್ತಿದ್ದಳು.

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಕಲಿತ ಭಾಷೆಯೇ ಬೇರೆ, ಜನರ ಬಾಯಲ್ಲಿ ಓಡುವ ಭಾಷೆಯೇ ಬೇರೆ ಎಂದು. ಅವರು ಒಂದು ವಾಕ್ಯ ಮುಗಿಸಿ ಮೂರನೆಯದಕ್ಕೆ ಹೋಗುವಷ್ಟರಲ್ಲಿ ಅಕ್ಕ ಮೊದಲನೆಯದರ ಉತ್ತರ ಹುಡುಕುತ್ತಿರುತ್ತಿದ್ದಳು. ಮೊದಲೇ ಅವಳದು ಕಡಿಮೆ ಮಾತು. ಅಲ್ಲಿ ಅದೂ ನಿಂತೇ ಹೋಯಿತು. ಅವಳ ಗುಂಪಿನಲ್ಲಿ ಅವಳಲ್ಲದೆ ಇದ್ದವರು ಇಬ್ಬರು: ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಉದ್ದದ ಹುಡುಗ, ಅವನೇ ಮುಂದಾಳು; ಇನ್ನೊಬ್ಬಳು ಗುಂಗುರು ಕೂದಲಿನ ಹುಡುಗಿ. ಅಕ್ಕ ಮನಸ್ಸಿನಲ್ಲೇ ಅವರಿಗೆ ಉದ್ದಣ್ಣ, ಗುಂಗುರಿ ಎಂದು ಹೆಸರಿಟ್ಟಳು. ಅವರು ಅವಳಿಗಿಟ್ಟ ಹೆಸರಿನ ಅರ್ಥ ಬಾಯಿಬೀಗ.

ಬಾಯಿಗೆ ಬೀಗ ಬಿದ್ದರೂ ಕೈಗೆ ಬಿದ್ದಿರಲಿಲ್ಲ. ಯಂತ್ರದ ಭಾಗಗಳ ನಕ್ಷೆ ಬರೆಯುವುದರಲ್ಲಿ ಅಕ್ಕನದು ಎತ್ತಿದ ಕೈ. ಅವರ ಗುಂಪಿಗೆ ಬಂದ ಕೆಲಸ, ಆಸ್ಪತ್ರೆಯ ಮಂಚವನ್ನು ಏರಿಸಿ ಇಳಿಸುವ ಹಿಡಿಕೆಯನ್ನು ಮಾಡುವುದು. ಆ ಹಿಡಿಕೆಯನ್ನು ಮಂಚಕ್ಕೆ ಕಚ್ಚಿ ನಿಲ್ಲಿಸುವ ಲೋಹದ ಬ್ರಾಕೆಟ್ಟಿನ ನಕ್ಷೆ ಅಕ್ಕನ ಪಾಲಿಗೆ ಬಂತು. ಅವಳು ಬರೆದಳು. ಉದ್ದಣ್ಣ ಪರಿಶೀಲಿಸಿ ಸಹಿ ಹಾಕಿದ. ಪ್ರೊಫೆಸರು ಒಪ್ಪಿ ಸಹಿ ಹಾಕಿದರು. ನಕ್ಷೆ ವರ್ಕ್‌ಶಾಪಿಗೆ ಹೋಯಿತು, ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ಮೇಸ್ತ್ರಿ ಬ್ರಾಕೆಟ್ ಮಾಡಿಕೊಟ್ಟ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಮಂಚಕ್ಕೆ ಹಿಡಿದರೆ ಕೂರಲೇ ಇಲ್ಲ. ಹೊರಗೆ ಚಾಚಬೇಕಾದ ತೋಳು ಒಳಗೆ ಚಾಚಿ ಮಂಚದ ಕಾಲಿಗೆ ಬಡಿಯುತ್ತಿತ್ತು. ಅಳತೆ ಎಲ್ಲಾ ಸರಿ, ತೂತುಗಳೂ ಸರಿ. ಆದರೆ ಎಡಗೈಗೆ ಹೊಲಿದ ಕೈಗವಸು ಬಲಗೈಯದಾಗಿ ಬಂದಂತೆ ಇಡೀ ತುಂಡೇ ತಿರುವುಮುರುವು.

ಉದ್ದಣ್ಣ ಬ್ರಾಕೆಟ್ಟನ್ನು ಬೆಂಚಿನ ಮೇಲೆ ಟಣ್ಣನೆ ಕುಕ್ಕಿದ. "ನಿಮ್ಮ ದೇಶದಲ್ಲಿ ಎಡ ಬಲ ಹೇಳಿಕೊಡಲ್ವಾ?"

ಅಕ್ಕ ನಕ್ಷೆ ನೋಡಿದಳು, ತುಂಡು ನೋಡಿದಳು. ಏನಾಗಿದೆ ಎಂದು ಅವಳಿಗೆ ತಿಳಿದುಹೋಯಿತು.

ಅವಳು ನನಗೆ ವಿವರಿಸಿದ್ದು ಹೀಗೆ. ಒಂದು ವಸ್ತುವಿನ ನಕ್ಷೆ ಬರೆಯುವಾಗ ಎದುರಿನಿಂದ ಕಂಡದ್ದನ್ನು ನಡುವೆ ಬರೆಯುತ್ತಾರೆ. ಎಡಗಡೆಯಿಂದ ಕಂಡದ್ದನ್ನು ಎಲ್ಲಿ ಬರೆಯುವುದು? ನಮ್ಮ ಕಡೆ ಅದನ್ನು ಬಲಕ್ಕೆ ಬರೆಯುವುದು ರೂಢಿ. ಅವರ ಕಡೆ ಎಡಕ್ಕೇ ಬರೆಯುತ್ತಾರೆ. ಎರಡೂ ಪುಸ್ತಕದಲ್ಲಿರುವ ಕ್ರಮಗಳೇ. ಯಾವ ಕ್ರಮ ಎಂದು ತಿಳಿಸಲು ನಕ್ಷೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಹಾಕಬೇಕು. ಅಕ್ಕ ಕೈಗೆ ರೂಢಿಯಾದ ನಮ್ಮ ಕ್ರಮದಲ್ಲೇ ಬರೆದಿದ್ದಳು, ಗುರುತನ್ನೂ ಹಾಕಿದ್ದಳು. ಯಾರೂ ಮೂಲೆ ನೋಡಿರಲಿಲ್ಲ. ತಮ್ಮ ಕ್ರಮವೆಂದೇ ಓದಿ ಕೊರೆದಿದ್ದರು.

"ಗುರುತು ಹಾಕಿದೀನಿ, ನೋಡು" ಎಂದು ಅಕ್ಕ ತೋರಿಸಿದಳು.

"ಇಲ್ಲಿ ಅದನ್ನ ಯಾರು ನೋಡ್ತಾರೆ?" ಎಂದು ಅವನು ಹೊರಟೇಹೋದ.

ಮಧ್ಯಾಹ್ನ ಪ್ರೊಫೆಸರ್ ಕರೆಸಿದರು. ಅವರೇನೂ ಗದರಲಿಲ್ಲ. ಮೆತ್ತಗೆ ಹೇಳಿದರು: "ಶುಕ್ರವಾರ ಪರೀಕ್ಷಕರ ಮುಂದೆ ತಪ್ಪು ನಿನ್ನದು ಅಂತ ಒಪ್ಪಿಕೋ. ನಕ್ಷೆ ಕೆಲಸ ಉಳಿದವರಿಗೆ ಬಿಡು. ನೀನು ವರದಿ ಟೈಪ್ ಮಾಡು. ಪಾಸ್ ಮಾಡೋಣ."

ಪಾಸಾಗದಿದ್ದರೆ ಇಲ್ಲಿಯ ಅವಳ ಕಾಲೇಜಿನಲ್ಲಿ ಆ ಸೆಮಿಸ್ಟರ್ ಲೆಕ್ಕಕ್ಕೇ ಇಲ್ಲ, ವರ್ಷವೇ ಹೋಗುತ್ತದೆ. ಒಪ್ಪಿಕೊಂಡರೆ ಅವಳು ಎಡ ಬಲ ಗೊತ್ತಿಲ್ಲದ ಟೈಪಿಸ್ಟ್. ಯೋಚಿಸಿ ಹೇಳುತ್ತೇನೆ ಎಂದು ಬಂದಳು.

ಅವತ್ತೇ ಮನೆಗೆ ಫೋನ್ ಮಾಡಿದಳು. ಅಮ್ಮ ಸ್ಪೀಕರ್ ಹಾಕಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು.

"ತಪ್ಪಾಯ್ತು ಅಂದ್ಬಿಡೇ. ಒಂದು ಮಾತು ಅಂದ್ರೆ ನಾಲಿಗೆ ಏನು ಸವೆದುಹೋಗುತ್ತಾ?"

"ತಪ್ಪಲ್ಲಮ್ಮ ಅದು."

"ಅಲ್ಲದಿದ್ರೆ ಅಲ್ಲ. ಪರದೇಶದಲ್ಲಿ ಒಬ್ಬಳೇ ಇದೀಯ. ಯಾರ ಹತ್ರ ಜಗಳ ಆಡ್ತೀಯಾ? ಟೈಪ್ ಮಾಡಿ, ಪಾಸಾಗಿ, ಮನೆಗೆ ಬಾ."

ಮಂಚದ ಮೇಲಿದ್ದ ಅಜ್ಜಿ ಅಲ್ಲಿಂದಲೇ ಕೂಗಿದಳು. "ಬಗ್ಗಿದೋಳಿಗೆ ಒಂದು ಗುದ್ದು ಜಾಸ್ತಿ ಕಣೇ, ಮಗಾ!"

"ನೀವು ಸುಮ್ನಿರಿ ಅತ್ತೆ. ನಿಮ್ಮ ಮಾತು ಕಟ್ಕೊಂಡ್ರೆ ಅವಳ ವರ್ಷ ಹೋಗುತ್ತೆ."

"ನಾನೇನಂದೆ? ಗಾದೆ ಅಂದೆ. ಗಾದೆ ನಂದೇನಲ್ಲವಲ್ಲ!"

ಅಕ್ಕ ನಗುತ್ತಲೇ ಫೋನ್ ಇಟ್ಟಳು. ಇಟ್ಟ ಮೇಲೆ ಅತ್ತಳಂತೆ. ಅದನ್ನು ಬರೆಯಬೇಡ ಎಂದಿದ್ದಳು. ಬರೆದರೇನೂ ಅವಳು ಸಣ್ಣವಳಾಗುವುದಿಲ್ಲ ಎಂದು ನಾನು ಹಟ ಹಿಡಿದೆ.

ಅಕ್ಕ ಇದ್ದದ್ದು ಒಬ್ಬ ವಿಧವೆಯ ಮನೆಯ ಹಿಂಭಾಗದ ಕೋಣೆಯಲ್ಲಿ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಅಡುಗೆಮನೆ ಇಬ್ಬರಿಗೂ ಒಂದೇ. ಆ ರಾತ್ರಿ ಮನೆಯೊಡತಿ ಪಾತ್ರೆ ತೊಳೆಯುತ್ತಿದ್ದಾಗ ಅಕ್ಕ ಮೇಜಿನ ಮುಂದೆ ಕೂತು, ಶುಕ್ರವಾರ ಏನು ಹೇಳಬೇಕೆಂದು ಒಬ್ಬಳೇ ಗುನುಗುತ್ತಿದ್ದಳು.

"ಯಾರ ಜೊತೆ ಮಾತಾಡ್ತಿದೀಯ ಹುಡುಗೀ?"

ಅಕ್ಕ ಇದ್ದಬದ್ದ ಸ್ಪ್ಯಾನಿಷ್ಷಿನಲ್ಲೆಲ್ಲಾ ಹೇಳಿದಳು. ಮಾತು ಸಾಲದ ಕಡೆ ಉಪ್ಪಿನ ಡಬ್ಬಿ ಎತ್ತಿಕೊಂಡಳು. "ನೋಡಿ, ನಾವು ಡಬ್ಬೀನ ಬಲಕ್ಕೆ ಉರುಳಿಸಿದ ಹಾಗೆ ಬರೀತೀವಿ. ಬಲಕ್ಕೆ ಉರುಳಿಸಿದ್ರೆ ಎಡಮೈ ಮೇಲೆ ಬರುತ್ತೆ. ಅದಕ್ಕೇ ಎಡದ್ದು ಬಲಕ್ಕೆ. ನಿಮ್ಮವರು ಡಬ್ಬೀನ ಮುಟ್ಟಲ್ಲ, ತಾವೇ ಎಡಕ್ಕೆ ಹೋಗಿ ನೋಡಿ, ಎಡಕ್ಕೇ ಬರೀತಾರೆ."

ಮನೆಯೊಡತಿ ಕೈ ಒರೆಸಿಕೊಂಡು ತಾನೂ ಒಮ್ಮೆ ಡಬ್ಬಿ ಉರುಳಿಸಿ ನೋಡಿದಳು. ಮೇಜಿನ ತುಂಬ ಉಪ್ಪು. "ನನಗೇ ಅರ್ಥ ಆಯ್ತು, ಅವರಿಗೆ ಆಗಲ್ವಾ? ಆ ನಕ್ಷೆನ ಬೇರೆ ಯಾರು ನೋಡಿದ್ರು?"

"ಗುಂಪಿನ ಮುಂದಾಳು. ಆಮೇಲೆ ಪ್ರೊಫೆಸರ್."

"ಅದನ್ನೂ ಹೇಳ್ತೀಯ ತಾನೆ?"

"ಮಾರ್ಕ್ಸ್ ಹಾಕೋರು ಅವರೇ."

ಮನೆಯೊಡತಿ ಉಪ್ಪನ್ನು ಅಂಗೈಗೆ ಗೋರಿಕೊಂಡಳು. "ಹೇಳೋದು ಬಿಡೋದು ನಿನ್ನಿಷ್ಟ. ಏನು ಹೇಳಿದ್ರೂ ಜೋರಾಗಿ ಹೇಳು. ಕ್ಷಮೆ ಕೇಳೋ ದನೀಲಿ ಜಗಳ ಆಡೋಕಾಗಲ್ಲ."

ಶುಕ್ರವಾರ ಕೋಣೆಯಲ್ಲಿ ಪ್ರೊಫೆಸರ ಜೊತೆ ಇನ್ನಿಬ್ಬರು ಪರೀಕ್ಷಕರಿದ್ದರು. ಗೋಡೆಯ ಮೇಲೆ ನಕ್ಷೆ ಅಂಟಿಸಿತ್ತು, ಮೇಜಿನ ಮೇಲೆ ಆ ಬ್ರಾಕೆಟ್. ಉದ್ದಣ್ಣ ಮೊದಲು ಮಾತಾಡಿದ. ಲೋಹ ಹಾಳಾಯಿತು, ಸಮಯ ಹಾಳಾಯಿತು, ಪಾಪ ಅವಳಿಗೆ ಭಾಷೆ ಬರುವುದಿಲ್ಲ ಎಂದ. ಆ 'ಪಾಪ' ಅಕ್ಕನಿಗೆ ಚುರಕ್ಕೆಂದಿತು. ಬೇಕಾದರೆ ಅವಳ ಮಾತನ್ನು ಇಂಗ್ಲಿಷಿನಿಂದ ತಾನೇ ಅನುವಾದಿಸುತ್ತೇನೆ ಎಂದೂ ಸೇರಿಸಿದ.

"ಬೇಡ. ನಾನೇ ಹೇಳ್ತೀನಿ" ಎಂದಳು ಅಕ್ಕ, ಅವರ ಭಾಷೆಯಲ್ಲೇ. ದನಿ ಅವಳಿಗೇ ಬೆಚ್ಚಿಬೀಳುವಷ್ಟು ಜೋರಾಗಿ ಬಂತು.

ಚೀಲದಿಂದ ಉಪ್ಪಿನ ಡಬ್ಬಿ ತೆಗೆಯಹೋದಳು. ಪ್ರೊಫೆಸರ್ ಕೈ ಎತ್ತಿ ತಡೆದರು.

"ಎರಡೂ ಕ್ರಮ ನಮಗೆ ಗೊತ್ತು. ಅದಲ್ಲ ಪ್ರಶ್ನೆ. ಬಂದ ಊರಿನಲ್ಲಿ ಯಾವ ಕ್ರಮ ಅಂತ ನೀನು ಯಾಕೆ ಕೇಳಲಿಲ್ಲ?"

ಅಭ್ಯಾಸ ಮಾಡಿಕೊಂಡು ಹೋದದ್ದೆಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಕ್ಕ ಡಬ್ಬಿಯನ್ನು ಚೀಲದಲ್ಲೇ ಬಿಟ್ಟಳು. ಗುಂಗುರಿ ನೆಲ ನೋಡುತ್ತಿದ್ದಳು.

"ಕೇಳಬೇಕಿತ್ತು. ಕೇಳಲಿಲ್ಲ. ಆಡಿಕೊಂಡು ನಗ್ತಾರೆ ಅಂತ ಹೆದರಿಕೆ ಇತ್ತು. ಅಷ್ಟು ತಪ್ಪು ನಂದು, ಒಪ್ತೀನಿ. ಪೂರ್ತಿ ತಪ್ಪು ನಂದಲ್ಲ. ಅದನ್ನ ಒಪ್ಪಲ್ಲ."

"ಉಳಿದದ್ದು ಯಾರದು?"

ಅಕ್ಕ ಗೋಡೆಯ ಹತ್ತಿರ ಹೋದಳು. ನಕ್ಷೆಯ ಮೂಲೆಯ ಗುರುತಿನ ಮೇಲೆ ಬೆರಳಿಟ್ಟಳು. "ನಾನು ಇಲ್ಲಿ ಬಾಯಿ ತೆಗೀದೇ ಇದ್ರೂ ಇದು ಹೇಳ್ತಿತ್ತು." ಬೆರಳು ಕೆಳಗಿನ ಸಹಿಗಳಿಗೆ ಇಳಿಯಿತು. "ಬರೆದವಳು ನಾನು. ಪರಿಶೀಲಿಸಿದವನು ಅವನು. ತಪ್ಪಿಗೆ ನಾನು ಟೈಪ್ ಮಾಡೋಕೆ ಹೋಗಬೇಕಾದ್ರೆ, ಅವನೂ ಪಕ್ಕದಲ್ಲಿ ಕೂತು ಟೈಪ್ ಮಾಡಲಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕು ಎಂದೇ ಅಂದುಕೊಂಡಿದ್ದಳಂತೆ. ಆದರೆ ಬೆರಳು ಇನ್ನೂ ಪಕ್ಕಕ್ಕೆ ಸರಿಯಿತು.

"ಒಪ್ಪಿದವರು ನೀವು, ಸರ್."

ಒಬ್ಬ ಪರೀಕ್ಷಕರಿಗೆ ಕೆಮ್ಮು ಬಂತು. ಪ್ರೊಫೆಸರ ಕಿವಿ ಕೆಂಪಗಾಯಿತು.

"ನನ್ನ ಸಹಿ ನನಗೆ ಕಾಣಿಸ್ತಿದೆ," ಎಂದರು. "ಬೆರಳು ತೆಗಿ."

ಅಕ್ಕ ತೆಗೆದಳು. ಆದರೆ ಕುರ್ಚಿಗೆ ಹೋಗಿ ಕೂರಲಿಲ್ಲ. "ವರ್ಷ ಹೋದ್ರೂ ಸರಿ, ನಾನು ಮಾಡದ ತಪ್ಪನ್ನ ಒಪ್ಪಿ ಪಾಸಾಗಲ್ಲ. ನನಗೆ ನಕ್ಷೆ ಬರೆಯೋಕೆ ಬರುತ್ತೆ. ನಾನು ಅದನ್ನೇ ಮಾಡ್ತೀನಿ."

ಪ್ರೊಫೆಸರೂ ಪರೀಕ್ಷಕರೂ ಗುಂಪಿನವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕಾರಿಡಾರಿನಲ್ಲಿ ಉದ್ದಣ್ಣ ಗೋಡೆಗೆ ಒರಗಿ, "ನಿನ್ನಿಂದ ನನ್ನ ಮಾರ್ಕ್ಸೂ ಹೋಗುತ್ತೆ" ಎಂದ.

"ನಿನ್ನ ಮಾರ್ಕ್ಸ್ ಹೋದ್ರೆ ನಿನ್ನ ಸಹಿಯಿಂದ ಹೋಗುತ್ತೆ. ನನ್ನಿಂದ ಹೋಗೋದು ನಂದು ಮಾತ್ರ."

ಗುಂಗುರಿ ಕಿಸಕ್ಕನೆ ನಕ್ಕಳು. "ಬಾಯಿಬೀಗ ಬಿಚ್ಚಿಕೊಂಡ್ತಲ್ಲಪ್ಪಾ!"

"ಬೀಗ ಹಾಕಿದೋರು ನೀವು" ಎಂದಳು ಅಕ್ಕ. ಅದಕ್ಕೆ ಗುಂಗುರಿ ನಗಲಿಲ್ಲ. ಅಕ್ಕನ ಪಕ್ಕಕ್ಕೆ ಬಂದು ನಿಂತಳು.

ತೀರ್ಪು ಬಂತು. ಗುಂಪಿನ ಮೂವರಿಗೂ ಮಾರ್ಕ್ಸ್ ಕಡಿತ. ನಕ್ಷೆ ಕೆಲಸ ಅಕ್ಕನ ಕೈಯಲ್ಲೇ ಉಳಿಯುತ್ತದೆ. ಆದರೆ ಹೊಸ ನಕ್ಷೆ ಅವರ ಕ್ರಮದಲ್ಲೇ ಇರಬೇಕು, ಹೊಸ ಬ್ರಾಕೆಟ್ ಕೂರದಿದ್ದರೆ ಅಕ್ಕ ಫೇಲ್. ಪ್ರೊಫೆಸರ್ ಅವಳ ಮುಖ ನೋಡದೆ ಓದಿ ಹೇಳಿದರು. ಕೊನೆಗೆ, "ಈ ಸಲ ಮೂಲೆ ನಾನೂ ನೋಡ್ತೀನಿ" ಎಂದಷ್ಟೇ ಸೇರಿಸಿದರು.

ಸಂಜೆ ಫೋನ್ ಬಂದಾಗ ನಾವೆಲ್ಲಾ ಅದರ ಸುತ್ತಲೇ ಕೂತಿದ್ದೆವು.

"ಗೆದ್ಯಾ, ಸೋತ್ಯಾ?" ಎಂದಳು ಅಮ್ಮ.

"ಎರಡೂ ಇಲ್ಲಮ್ಮ ಇನ್ನೂ."

"ಬ್ರಾಕೆಟ್ಟು ಕೂರದಿದ್ರೆ?"

"ಫೇಲ್ ಆಗ್ತೀನಿ. ಆದ್ರೆ ನನ್ನ ಕೆಲಸಕ್ಕೇ ಫೇಲ್ ಆಗ್ತೀನಿ, ಇನ್ನೊಬ್ಬರದಕ್ಕಲ್ಲ."

ಅಮ್ಮ ಬೈಯಲಿಲ್ಲ. ಆಮೇಲೆ ಕೇಳಿದಳು, "ಮತ್ತೆ ಈಗೇನ್ಮಾಡ್ತೀಯಾ?"

"ನಾಳೆ ನಾಡಿದ್ದು ಕೂತು ಅವರ ಕ್ರಮದಲ್ಲಿ ನಕ್ಷೆ ಬರೀತೀನಿ. ಕೆಳಗೆ ನನ್ನ ಸಹಿ ಹಾಕ್ತೀನಿ. ಸೋಮವಾರ ವರ್ಕ್‌ಶಾಪಿಗೆ ಹೋಗಿ, ಮೇಸ್ತ್ರಿ ಪಕ್ಕದಲ್ಲಿ ನಿಂತು, ಬ್ರಾಕೆಟ್ಟನ್ನ ನಾನೇ ಕೊರೀತೀನಿ."