ಎದುರಿಗಿಲ್ಲದವರ ಎತ್ತರ

ಒಬ್ಬರ ಎತ್ತರ ಅಳೆಯಬೇಕಾದರೆ ಅವರು ಎದುರಿಗೆ ನಿಂತಿರಲೇಬೇಕೆಂಬ ನಿರ್ಬಂಧವೇನೂ ಇಲ್ಲ. ಈ ವಿದ್ಯೆಯನ್ನು ನನಗೆ ವೈದ್ಯಕೀಯ ಕಾಲೇಜು ಕಲಿಸಲಿಲ್ಲ. ಆಳಂದ, ಅಫಜಲಪುರಗಳ ನೀರು ಕುಡಿದು, ಕೊನೆಗೆ ಜೇವರ್ಗಿಯಲ್ಲಿ ನನ್ನದೇ ಬೋರ್ಡು ನೇತುಹಾಕಿ ಕೂತ ಮೇಲೆ ತಾನಾಗಿ ಸಿದ್ಧಿಸಿತು. ನರ್ಸಿಂಗ್ ಕಾಲೇಜುಗಳ ಪ್ರವೇಶ ಶುರುವಾಯಿತೆಂದರೆ ನನ್ನ ದವಾಖಾನೆಗೆ ರೋಗಿಗಳಿಗಿಂತ ಆರೋಗ್ಯವಂತರ ತಂದೆಯರೇ ಹೆಚ್ಚಾಗಿ ಬರುತ್ತಾರೆ. ಮಗಳು ಊರಲ್ಲೇ ಇರುತ್ತಾಳೆ. ತಂದೆಯ ಕೈಯಲ್ಲಿ ಆರೋಗ್ಯ ಪ್ರಮಾಣಪತ್ರದ ಫಾರ್ಮು, ಅದರ ಮೂಲೆಗೆ ಅವಳ ಫೋಟೊ. ಎಷ್ಟು ಎತ್ತರ ಎಂದು ಕೇಳಿದರೆ ಆತ ಅಂಗೈಯನ್ನು ಅಡ್ಡ ಹಿಡಿದು, "ನನ್ನ ಭುಜದ ಮಟ ಬರ್ತಾಳ್ರಿ ಸಾಹೇಬ್ರ" ಎನ್ನುತ್ತಾನೆ. ನಾನು ತಂದೆಯ ಭುಜ ನೋಡಿ ಮಗಳ ಸೆಂಟಿಮೀಟರು ಬರೆಯುತ್ತೇನೆ. ತೂಕಕ್ಕೆ ಫೋಟೊದ ಕೆನ್ನೆ ಸಾಕು. ಕಣ್ಣು, ಕಿವಿ, ಹೃದಯ, ಶ್ವಾಸಕೋಶ ಎಲ್ಲದರ ಮುಂದೆ 'ಸರಿ'. 'ಖುದ್ದಾಗಿ ಪರೀಕ್ಷಿಸಿದ್ದೇನೆ' ಎಂಬ ಅಚ್ಚಾದ ವಾಕ್ಯದ ಕೆಳಗೆ ನನ್ನ ಸಹಿ.

ನೀವು ಹುಬ್ಬು ಗಂಟಿಕ್ಕುವ ಮೊದಲು, ಆ ಸಹಿ ಹಾಕುವ ದೇಹದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ, ಸವೆದ ಮೊಣಕಾಲು, ಹತ್ತು ಮೆಟ್ಟಿಲಿಗೆ ಏದುಸಿರು. ಅದೇ ಫಾರ್ಮನ್ನು ನನ್ನ ಮೇಲೆ ಪ್ರಯೋಗಿಸಿದರೆ ಎರಡನೆಯ ಕಲಮಿನಲ್ಲೇ ನಪಾಸು. ಇಂಥ ನಾನು ಪರರ ದಾರ್ಢ್ಯಕ್ಕೆ ಪ್ರಮಾಣಪುರುಷ. ಕಾಲೇಜಿನವರು ಆ ಕಾಗದವನ್ನು ಓದದೆ ಫೈಲಿಗೆ ಸೇರಿಸುತ್ತಾರೆಂಬ ಭರವಸೆಯ ಮೇಲೆ ನನ್ನ ಅಂತಃಸಾಕ್ಷಿ ಸುಖನಿದ್ರೆಯಲ್ಲಿತ್ತು.

ಹೀಗಿರುವಾಗ ಮೂರು ವರ್ಷದ ಹಿಂದೆ, ಯಡ್ರಾಮಿ ಕಡೆಯ ಒಂದು ಹಳ್ಳಿಯಿಂದ ಶಿವಲೀಲಾ ಎಂಬ ಹುಡುಗಿ ಫಾರ್ಮು ಹಿಡಿದು, ಬಸ್ಸು ಹತ್ತಿ ತಾನೇ ಬಂದು ನನ್ನೆದುರಿಗೆ ನಿಂತಳು. ನನಗೆ ಗೊತ್ತಿದ್ದವಳೇ. ಲಕ್ವಾ ಹೊಡೆದು ಮಲಗಿದ್ದ ಅವಳ ಅಜ್ಜಿಯನ್ನು ನೋಡಲು ಆಗಾಗ ಹೋಗುತ್ತಿದ್ದೆ. ಎರಡು ವರ್ಷ ಹಾಸಿಗೆ ಬಿಡದ ಆ ಮುದುಕಿಯ ಬೆನ್ನ ಮೇಲೆ ಒಂದೇ ಒಂದು ಹುಣ್ಣು ಆಗಿರಲಿಲ್ಲ; ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಈ ಹುಡುಗಿಯೇ ಹೊರಳಿಸಿ ಮಲಗಿಸಿ ಬೆನ್ನು ಒರೆಸುತ್ತಿದ್ದಳು. ಇದನ್ನೆಲ್ಲ ನಾನು ಖುದ್ದಾಗಿಯೇ ನೋಡಿದ್ದೆ.

"ಸಾಹೇಬ್ರ, ಎಡಗಿವಿ ಜರಾ ಮಂದ ಅದ್ರಿ. ಬಲಗಿವಿ ಛಲೋ ಕೇಳಸ್ತದ. ಮೊದ್ಲೇ ಹೇಳಿಬಿಡ್ತೇನಿ" ಎಂದಳು.

ಹಿಂದಿನ ದಿನವಷ್ಟೇ ಅಫಜಲಪುರದ ಒಂದು ಸಮಾರಂಭದಲ್ಲಿ ಶಾಲು ಹೊದ್ದು, ಹಾರ ಹಾಕಿಸಿಕೊಂಡು, ವೈದ್ಯಧರ್ಮದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಬಂದಿದ್ದೆ. ಚೆಂಡುಹೂವಿನ ವಾಸನೆ ಇನ್ನೂ ಮೂಗಿನಲ್ಲಿತ್ತು. ಸತ್ಯನಿಷ್ಠೆಯ ಆವೇಶದಲ್ಲಿ ಕಿವಿಯ ಕಲಮಿನಲ್ಲಿ 'ದೋಷವಿದೆ' ಎಂದು ದುಂಡಗೆ ಬರೆದೆ. ಕಿವಿ ಪರೀಕ್ಷಿಸಲೆಂದೇ ಡ್ರಾವರಿನಲ್ಲಿದ್ದ ಶ್ರುತಿಕವೆಯನ್ನು ಹೊರತೆಗೆದು ಬಾರಿಸಿ ಆ ಕಿವಿಯಲ್ಲಿ ಎಷ್ಟು ಕೇಳಿಸುತ್ತದೆಂದು ನೋಡಲಿಲ್ಲ. ಕೆಳಗೆ ಷರಾ ಬರೆಯಲು ಎರಡು ಗೆರೆ ಖಾಲಿ ಇತ್ತು. 'ಇನ್ನೊಂದು ಕಿವಿ ಪೂರ್ತಿ ಸರಿಯಿದೆ, ಶುಶ್ರೂಷೆಗೆ ಯೋಗ್ಯಳು' ಎಂದು ಬರೆಯಬಹುದಿತ್ತು. ಅದನ್ನೂ ಬರೆಯಲಿಲ್ಲ. ಸುಳ್ಳನ್ನು ಪರೀಕ್ಷಿಸದೆ ಬರೆದು ರೂಢಿಯಾಗಿದ್ದ ಕೈ ನಿಜವನ್ನೂ ಹಾಗೆಯೇ ಬರೆದು ಮುಗಿಸಿತು.

ಕಾಲೇಜಿನವರು ಮೊಟ್ಟಮೊದಲ ಬಾರಿಗೆ ನನ್ನ ಕಾಗದ ಓದಿದರು. ಅವಳ ಸೀಟು ಹೋಯಿತು.

ವಾರದೊಳಗೆ ಅವಳ ತಂದೆ ಬಂದ. ಒಕ್ಕಲುತನದ ಮನುಷ್ಯ, ದನಿ ಏರಿಸಲಿಲ್ಲ. "ಬಾಕಿ ಹುಡುಗ್ಯಾರಿಗೆ ಮಾರಿ ನೋಡದೇ ಬರ್ದು ಕೊಟ್ಟೀರಿ. ನನ್ನ ಮಗಳು ಎದುರಿಗೆ ಬಂದು ನಿಂತದ್ದೇ ತಪ್ಪಾತೇನ್ರಿ?" ಎಂದ. ನಿಯಮ ಎಂಬ ಪದವನ್ನು ನಾನು ಎರಡು ಸಲ ಉಚ್ಚರಿಸಿದೆ. ಆತ ನಮಸ್ಕಾರ ಹೇಳಿ ಹೋದ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಆದರೆ ಆ ಹೇಸಿಗೆ ಕಾಲೇಜಿಗೆ ಹೋಗಿ ಇನ್ನೊಂದು ಕಾಗದ ಕೊಟ್ಟು ಬರುವಷ್ಟು ಬಲವಾಗಿರಲಿಲ್ಲ. ಮುಂದಿನ ವರ್ಷವೂ ತಂದೆಯರು ಬಂದರು, ಭುಜ ತೋರಿಸಿದರು, ನಾನು ಸಹಿ ಹಾಕಿದೆ.

ಈ ವರ್ಷ ನನ್ನ ಮೊಣಕಾಲು ಕೈಕೊಟ್ಟು, ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂರನೆಯ ದಿನ ಮಧ್ಯಾಹ್ನ ನೋವು ತಡೆಯದೆ ಗಂಟೆ ಒತ್ತಿದೆ. 'ಸರಿ' ಕಿವಿಗಳ ಸಿಸ್ಟರುಗಳು ಯಾವ ಕೆಲಸದಲ್ಲಿದ್ದರೋ, ಯಾರೂ ಬರಲಿಲ್ಲ. ಆಮೇಲೆ ಬಾಗಿಲಲ್ಲಿ ಕಾಣಿಸಿದವಳು ಆಯಾಗಳ ಹಸಿರು ಸೀರೆಯ ಶಿವಲೀಲಾ. ನನ್ನನ್ನು ಗುರುತು ಹಿಡಿದಳು. ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಎರಡೇ ಹಿಡಿತದಲ್ಲಿ ನನ್ನ ಭಾರವನ್ನೆಲ್ಲ ಮಗ್ಗುಲಿಗೆ ಹೊರಳಿಸಿ, ಸುಕ್ಕಿಲ್ಲದಂತೆ ಚಾದರ ಎಳೆದು, ಕಾಲಿನ ಕೆಳಗೆ ದಿಂಬು ಕೊಟ್ಟಳು. ನೋವು ಅರ್ಧಕ್ಕಿಳಿಯಿತು. ಮೈಭಾರದ ರೋಗಿ ಬಂದರೆ ಸಿಸ್ಟರುಗಳು ಅವಳನ್ನೇ ಕರೆಯುತ್ತಾರಂತೆ.

"ಆಯಾ ಕೆಲಸಕ್ಕ ಫಾರ್ಮ್ ಕೇಳಂಗಿಲ್ರಿ ಸಾಹೇಬ್ರ" ಎಂದಳು, ನಾನು ಕೇಳದಿದ್ದರೂ.

ಏನೋ ಹೇಳಲು ತುಟಿ ಅಲುಗಿಸಿದೆ. ಅವಳು ಬಾಗಿ ಬಲಗಿವಿಯನ್ನು ನನ್ನ ಬಾಯ ಹತ್ತಿರ ತಂದು ಕಾದಳು. ತಪ್ಪಾಯಿತು ಎನ್ನಬೇಕಿತ್ತು. "ನೀರು" ಎಂದೆ. ಅವಳಿಗೆ ಸ್ಪಷ್ಟವಾಗಿ ಕೇಳಿಸಿತು, ಹೋಗಿ ತಂದಳು.